ಮಾತಿಲ್ಲದೆ ನಡೆಯುವ ಚರ್ಚೆ

ಗುಂಪಾಗಿ ವಿಜ್ಞಾನ ಪ್ರಾಜೆಕ್ಟ್ ಮಾಡುವಾಗ ಜೋರಾಗಿ ಮಾತನಾಡುವವನ ವಿಚಾರವೇ ಗೆಲ್ಲುವುದುಂಟು. ಹಿಂದಿನ ಬೆಂಚಿನ ಹುಡುಗಿಯದ್ದು ಮನಸ್ಸಿನಲ್ಲೇ ಉಳಿಯುತ್ತದೆ. ಇದಕ್ಕೆ ಜರ್ಮನಿಯ ಬೆರ್ನ್ಡ್ ರೋರ್‌ಬಾಖ್ 1968ರಲ್ಲಿ ಸೂಚಿಸಿದ 6-3-5 ವಿಧಾನ ಒಳ್ಳೆಯ ಮದ್ದು. 6 ಮಂದಿ ಸುತ್ತ ಕುಳಿತು, ಮಾತಾಡದೆ, 5 ನಿಮಿಷದಲ್ಲಿ ತಲಾ 3 ಉಪಾಯ ಬರೆಯಬೇಕು. ಹಾಳೆಯನ್ನು ಪಕ್ಕದವರಿಗೆ ದಾಟಿಸಿ, ತಮಗೆ ಬಂದುದನ್ನು ಓದಿ, ಮತ್ತೆ 3 ಸೇರಿಸಬೇಕು. 6 ಸುತ್ತಿಗೆ ಅರ್ಧ ಗಂಟೆ, ಉಪಾಯ 108! ಚರ್ಚೆ, ಆಯ್ಕೆ ಅನಂತರ.

ವಿದ್ಯಾರ್ಥಿಗಳೇ, ಕುಂದಾಪುರ, ಬೈಂದೂರಿನ ಕಡಲ ಬದಿಯಲ್ಲಿ ಬೇಸಗೆಗೆ ಬಾವಿ ನೀರು ಉಪ್ಪಾಗುತ್ತದೆ. ಏನು ಮಾಡಬಹುದು? ಈ ಪ್ರಶ್ನೆ ಇಟ್ಟು ಪ್ರಯತ್ನಿಸಿ. ಆರನೆಯ ಹಾಳೆಯನ್ನು ದಿನವೂ ನೀರು ಸೇದುವ ಅಮ್ಮನಿಗೆ ಕೊಡಿ.

ಹೆತ್ತವರೇ, ಮಗು ಗುಂಪಿನಲ್ಲಿ ಬಾಯಿ ಬಿಡುವುದಿಲ್ಲವೆಂದು ಗದರಬೇಡಿ. ಅದು ಬರೆದ ಹಾಳೆಯನ್ನು ಓದಿ.