ಕಸ ನಮ್ಮದು, ನಾತ ಕನ್ನಹಳ್ಳಿಯದು

"ತೆರಿಗೆ ಕಟ್ಟುವವರು ನಾವು, ಕಸ ಬೇರ್ಪಡಿಸುವುದು ಪಾಲಿಕೆಯ ಕೆಲಸ." ಬಸವೇಶ್ವರನಗರದ ಹಿರಿಯರೊಬ್ಬರು ಬಲಿಪೂಜೆಯ ನಂತರ ಹೇಳಿದ ಮಾತಿದು. ಸುತ್ತಲಿದ್ದವರೆಲ್ಲ ತಲೆಯಾಡಿಸಿದರು. ಸಂಕೋಚದಿಂದ ಅಂದು ನಾನು ಆಡದೆ ನುಂಗಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂಲದಲ್ಲಿಯೇ ಬೇರ್ಪಡಿಸುವ ಹೊಣೆಯನ್ನು ಕಾನೂನು ಹೊರಿಸಿರುವುದು ಕಸ ಹುಟ್ಟಿಸಿದವರ ಮೇಲೆ. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆಯ ಫಲವಾಗಿ 2000ದಲ್ಲಿ ಮೊದಲ ನಿಯಮಗಳು ಬಂದವು. 2016ರ ನಿಯಮಗಳು ಕಸವನ್ನು ಮನೆಯಲ್ಲಿಯೇ ಮೂರಾಗಿ ವಿಂಗಡಿಸಲು ವಿಧಿಸಿದವು, 2026ರವು ನಾಲ್ಕಾಗಿಸಿವೆ. ಲೆಕ್ಕ ಹೆಚ್ಚಾಯಿತೆಂದು ಗೊಣಗುವವರು ಒಂದನ್ನು ನೆನೆಯಲಿ: ನಾವು ಹಸಿ ಕಸದೊಳಗೆ ತುರುಕಿದ ಡಯಾಪರನ್ನು ಕೈಯಿಂದ ಹೆಕ್ಕಿ ತೆಗೆಯಬೇಕಾದವಳು ಪೌರಕಾರ್ಮಿಕ ತಾಯಿ.

ಬೆರೆತ ಕಸ ಎಲ್ಲಿಗೆ ಹೋಗುತ್ತದೆ? ಮಂಡೂರಿಗೆ ಲಾರಿಗಳು ಹೋಗುವುದು ಹಳ್ಳಿಗರ ಹೋರಾಟದಿಂದ 2014ರ ಕೊನೆಗೆ ನಿಂತಿತು. ಬಳಿಕ ನಮ್ಮ ಪಶ್ಚಿಮದ ಕನ್ನಹಳ್ಳಿ, ಸೀಗೇಹಳ್ಳಿ ಘಟಕಗಳ ಸರದಿ. ಗೊಬ್ಬರದ ಘಟಕಕ್ಕೆ ಬೇಕಾದುದು ಹಸಿ ಕಸ ಮಾತ್ರ. ಜೊತೆಗೆ ಗಾಜು, ಪ್ಲಾಸ್ಟಿಕ್ ಬಂದರೆ ಗೊಬ್ಬರ ಕೆಡುತ್ತದೆ. ಗಾಳಿಯಾಡದ ರಾಶಿ ಕೊಳೆತು, ಕರಿನೀರು ಸುರಿಸಿ, ನಾರುತ್ತದೆ. ಅಲ್ಲಿಯ ಜನ ಬೀದಿಗಿಳಿದರೆ ನಮಗೆ ಅದು ಅನಗತ್ಯ ಗಲಾಟೆ. ನಮ್ಮ ಮನೆಯ ಮುಂದೆ ಎರಡು ದಿನ ಗಾಡಿ ಬಾರದಿದ್ದರೆ ಮಾತ್ರ ನಾಗರಿಕ ಹಕ್ಕಿನ ಪ್ರಶ್ನೆ!

ಬೇರ್ಪಡಿಸಿ ಕೊಟ್ಟದ್ದನ್ನು ಗಾಡಿಯಲ್ಲಿ ಮತ್ತೆ ಬೆರೆಸುತ್ತಾರೆಂಬ ದೂರಿನಲ್ಲಿ ಹುರುಳಿದೆ. ಆದರೆ ಅದು ಗಾಡಿಯನ್ನು ತಡೆದು ಕೇಳಲು ಕಾರಣವೇ ಹೊರತು ನಾವೂ ಬೆರೆಸಲು ಪರವಾನಗಿಯಲ್ಲ.

ಇನ್ನು ನಮ್ಮ ಸಂಸ್ಥೆಗಳ ಮಾತು. 5,000 ಚದರ ಮೀಟರಿಗೂ ಮಿಕ್ಕಿದ ಆವರಣವುಳ್ಳ ಸಂಸ್ಥೆಗಳು ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮಲ್ಲಿಯೇ ಸಂಸ್ಕರಿಸಬೇಕೆಂದು 2016ರಲ್ಲಿಯೇ ವಿಧಿಸಲಾಯಿತು. ನಮ್ಮ ಶಾಲೆ, ಕಾನ್ವೆಂಟು, ಗುರುಮಠಗಳ ಪೈಕಿ ಎಷ್ಟರಲ್ಲಿ ಗೊಬ್ಬರದ ಗುಂಡಿಯಿದೆ? ಕಳೆದ ವರ್ಷದ ಹಬ್ಬದೂಟದ ಬಳಿಕ ಪ್ಲಾಸ್ಟಿಕ್ ಲೋಟ, ಮಿಕ್ಕ ಅನ್ನ, ಬಾಳೆಎಲೆಗಳನ್ನು ಒಂದೇ ಮೂಟೆ ಕಟ್ಟಿ ಹೊರಗಿಟ್ಟವರು ನಾವೇ. ನೋಡಿಯೂ ಸುಮ್ಮನಿದ್ದವನು ನಾನು. ಈ ಬಾರಿ ಸ್ಟೀಲ್ ಲೋಟ, ತಟ್ಟೆ ತರಿಸೋಣವೆಂದರೆ "ತೊಳೆಯುವವರು ಯಾರು, ಸ್ವಾಮಿ?" ಎಂಬ ಪ್ರಶ್ನೆ ಎದ್ದಿದೆ. ತೊಳೆಯುವವರ ಪಟ್ಟಿಯಲ್ಲಿ ಮೊದಲು ನನ್ನ ಹೆಸರನ್ನೇ ಬರೆದಿದ್ದೇನೆ. ಎರಡನೆಯ ಸಾಲು ಇನ್ನೂ ಖಾಲಿಯಿದೆ.