ಅಂಗಡಿ ಹೆಸರಿನ ಬ್ಯಾಟರಿ: ಮಾಡಿದವರು ಯಾರೆಂದು ಹೇಳಲೇಬೇಕು

ಅಮೆರಿಕದಲ್ಲಿ ಕಾರಿನ ಬ್ಯಾಟರಿ ಕೊಳ್ಳಲು ಹೋದರೆ ಹೆಸರುಗಳಿಗೆ ಬರವಿಲ್ಲ. ವಾಲ್‌ಮಾರ್ಟ್‌ನಲ್ಲಿ ಎವರ್‌ಸ್ಟಾರ್ಟ್, ಆಟೊಜೋನ್‌ನಲ್ಲಿ ಡ್ಯೂರಾಲಾಸ್ಟ್, ಅಡ್ವಾನ್ಸ್ ಆಟೊ ಪಾರ್ಟ್ಸ್‌ನಲ್ಲಿ ಡೈಹಾರ್ಡ್. ಆದರೆ ಬ್ಯಾಟರಿ ಮಾಡುವುದು ಈ ಅಂಗಡಿಗಳಲ್ಲ. ಹೆಸರು ಎಷ್ಟೇ ಇದ್ದರೂ ಸರಕು ಬರುವುದು ಬೆರಳೆಣಿಕೆಯ ತಯಾರಕರಿಂದ. ಅವರಲ್ಲಿ ದೊಡ್ಡವರು ಇಬ್ಬರು: ಮಿಲ್ವಾಕಿ ಪಕ್ಕದ ಗ್ಲೆಂಡೇಲ್‌ನಲ್ಲಿ ಮುಖ್ಯ ಕಚೇರಿ ಇರುವ ಕ್ಲಾರಿಯೋಸ್ ಮತ್ತು ಪೆನ್ಸಿಲ್ವೇನಿಯಾದ ಲಯನ್ ಸ್ಟೇಷನ್‌ನ ಈಸ್ಟ್ ಪೆನ್. ವ್ಯಾಪಾರದಲ್ಲಿರುವವರಿಗೆಲ್ಲ ಇದು ಗೊತ್ತು. ಗೊತ್ತಾಗದಿರುವುದು ದುಡ್ಡು ಕೊಡುವವರಿಗೆ ಮಾತ್ರ. ಇದು ನ್ಯಾಯವಲ್ಲ.

ನಾನು ಮಿಲ್ವಾಕಿಯಲ್ಲಿ ನೆಲೆಸಿದವಳು, ಹುಟ್ಟೂರು ಹಾಸನ. ಅಪ್ಪನದು ಬ್ಯಾಟರಿ ಚಾರ್ಜಿಂಗ್ ಅಂಗಡಿ. ಆಗಿನ ಲಾರಿ ಬ್ಯಾಟರಿಗಳ ಮೇಲ್ಭಾಗಕ್ಕೆ ಡಾಂಬರು ಸೀಲ್ ಇರುತ್ತಿತ್ತು. ಅಪ್ಪ ಅದನ್ನು ಕಾಯಿಸಿ ಬಿಡಿಸಿ, ಪ್ಲೇಟುಗಳನ್ನು ಎತ್ತಿ ಗಿರಾಕಿಯ ಮುಂದೆಯೇ ಹಿಡಿಯುತ್ತಿದ್ದರು: ‘ನೋಡಿ ಸ್ವಾಮಿ, ಪೇಸ್ಟೆಲ್ಲ ಉದುರಿ ತಳಕ್ಕೆ ಕೂತಿದೆ. ಪ್ಲೇಟು ತೆಳ್ಳಗೆ ಹಾಕಿದಾರೆ, ಎಲ್ಲಿಂದ ಬಾಳಿಕೆ ಬರುತ್ತೆ?’ ಈಗಿನ ಬ್ಯಾಟರಿಯನ್ನು ಹಾಗೆ ಬಿಚ್ಚಿ ನೋಡುವಂತಿಲ್ಲ. ಒಳಗೇನಿದೆಯೆಂದು ಕಾಣದ ಮೇಲೆ ಒಳಗೆ ತುಂಬಿದವರು ಯಾರೆಂದಾದರೂ ತಿಳಿಯಬೇಡವೇ?

ಡೈಹಾರ್ಡ್‌ನ ಚರಿತ್ರೆಯನ್ನೇ ನೋಡಿ. 1967ರಲ್ಲಿ ಸಿಯರ್ಸ್ ಮಳಿಗೆಗಳು ಈ ಹೆಸರನ್ನು ಮಾರುಕಟ್ಟೆಗೆ ತಂದವು. ಬ್ಯಾಟರಿ ಮಾಡಿಕೊಟ್ಟದ್ದು ನಮ್ಮ ಮಿಲ್ವಾಕಿಯ ಗ್ಲೋಬ್-ಯೂನಿಯನ್. ಆ ಕಂಪನಿಯನ್ನು 1978ರಲ್ಲಿ ಜಾನ್ಸನ್ ಕಂಟ್ರೋಲ್ಸ್ ಕೊಂಡಿತು. 1990ರ ದಶಕದಲ್ಲಿ ಡೈಹಾರ್ಡ್ ತಯಾರಿಕೆಯ ಗುತ್ತಿಗೆ ಅಮೆರಿಕದ ಎಕ್ಸೈಡ್ ಪಾಲಾಯಿತು. ಕೋಲ್ಕತ್ತದಲ್ಲಿ ಕಚೇರಿ ಇರುವ ನಮ್ಮ ಎಕ್ಸೈಡ್ ಇಂಡಸ್ಟ್ರೀಸ್‌ಗೂ ಇದಕ್ಕೂ ಸಂಬಂಧವಿಲ್ಲ. ಎರಡೂ ಬೇರೆ ಬೇರೆ ಕಂಪನಿಗಳು. ಸಿಯರ್ಸ್‌ಗೆ ದೋಷವಿರುವ ಬ್ಯಾಟರಿ ಪೂರೈಸಿದ ಪ್ರಕರಣದಲ್ಲಿ ಅಮೆರಿಕದ ಎಕ್ಸೈಡ್ 2001ರಲ್ಲಿ ತಪ್ಪೊಪ್ಪಿಕೊಂಡು, 2.75 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಮರುವರ್ಷ ಅದರ ಮಾಜಿ ಮುಖ್ಯಸ್ಥರೇ ಅಪರಾಧಿ ಎಂದು ತೀರ್ಮಾನವಾಗಿ ಅವರಿಗೆ ಜೈಲು ಶಿಕ್ಷೆಯಾಯಿತು. ಅಷ್ಟು ಹೊತ್ತಿಗೆ ಸಿಯರ್ಸ್ ತನ್ನ ಗುತ್ತಿಗೆಯನ್ನು ಮತ್ತೆ ಜಾನ್ಸನ್ ಕಂಟ್ರೋಲ್ಸ್‌ಗೆ ಕೊಟ್ಟಾಗಿತ್ತು.

ತಯಾರಕರು ಹೀಗೆ ಬದಲಾಗುತ್ತಿದ್ದರೂ ಹೆಸರು ಬದಲಾಗಲಿಲ್ಲ. ಹಳೆಯ ಡೈಹಾರ್ಡ್ ಚೆನ್ನಾಗಿ ಬಾಳಿತೆಂದು ಮತ್ತದನ್ನೇ ಕೊಂಡವರು ಬೇರೊಬ್ಬರ ಸರಕಿಗೆ ದುಡ್ಡು ಕೊಟ್ಟರು. 2019ರಲ್ಲಿ ಈ ಕಥೆಗೆ ಇನ್ನೆರಡು ತಿರುವು ಬಂದವು. ಜಾನ್ಸನ್ ಕಂಟ್ರೋಲ್ಸ್ ತನ್ನ ಬ್ಯಾಟರಿ ವ್ಯವಹಾರವನ್ನು 1,320 ಕೋಟಿ ಡಾಲರಿಗೆ ಮಾರಿತು, ಅದೇ ಇಂದಿನ ಕ್ಲಾರಿಯೋಸ್. ಸಿಯರ್ಸ್‌ನ ಒಡೆಯರು ಡೈಹಾರ್ಡ್ ಎಂಬ ಹೆಸರನ್ನು ಅಡ್ವಾನ್ಸ್ ಆಟೊ ಪಾರ್ಟ್ಸ್‌ಗೆ 20 ಕೋಟಿ ಡಾಲರಿಗೆ ಮಾರಿದರು. ಬರೀ ಹೆಸರಿಗೆ ಅಷ್ಟು ಬೆಲೆ ಬಂದದ್ದು ಕೊಳ್ಳುವವರ ನಂಬಿಕೆಯಿಂದ. ಆ ನಂಬಿಕೆ ಇಟ್ಟವರಿಗೆ ತಯಾರಕರ ಹೆಸರು ಹೇಳುವ ಸೌಜನ್ಯ ಬೇಡವೇ?

‘ವಾರಂಟಿ ನಾವು ಕೊಡುತ್ತೇವಲ್ಲ, ತಯಾರಕರ ಹೆಸರು ನಿಮಗೇಕೆ?’ ಎಂದು ಅಂಗಡಿಯವರು ಕೇಳಬಹುದು. ವಾರಂಟಿ ಬ್ಯಾಟರಿಯನ್ನು ಬದಲಿಸಿ ಕೊಡುತ್ತದೆ, ನಿಜ. ಜನವರಿಯ ಚಳಿಯಲ್ಲಿ, ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕೀ ತಿರುಗಿಸಿದಾಗ ಬರೀ ಟಕ್ ಟಕ್ ಸದ್ದು ಬಂದರೆ ವಾರಂಟಿ ಚೀಟಿಯಿಂದ ಗಾಡಿ ಹೊರಡುವುದಿಲ್ಲ. ಇನ್ನೊಂದು ಮಾತು ಅದಕ್ಕಿಂತ ಮುಖ್ಯ. ಒಂದೇ ಕಾರ್ಖಾನೆಯ ಒಂದು ಲಾಟ್ ಕೆಟ್ಟು, ಅದು ಮೂರು ಅಂಗಡಿಗಳಲ್ಲಿ ಮೂರು ಹೆಸರಿನಿಂದ ಮಾರಾಟವಾದರೆ, ದೂರುಗಳೂ ಮೂರು ಪಾಲಾಗುತ್ತವೆ. ಮೂಲ ಒಂದೇ ಎಂದು ಗಿರಾಕಿಗಳಿಗೆ ಹೊಳೆಯುವ ದಾರಿಯೇ ಇಲ್ಲ.

ತಯಾರಕರ ಹೆಸರು ತಿಳಿದರೆ ಎಲ್ಲ ಬಗೆಹರಿಯಿತೆಂದು ನಾನು ಹೇಳುವುದಿಲ್ಲ. ಒಂದೇ ಕಾರ್ಖಾನೆಯೂ ಅಂಗಡಿ ಕೇಳಿದ ದರಕ್ಕೆ ತಕ್ಕಂತೆ ಬೇರೆ ಬೇರೆ ದರ್ಜೆಯ ಸರಕು ಮಾಡಿಕೊಡುತ್ತದೆ. ಆದ್ದರಿಂದ ಒಂದೇ ಅಳತೆಯ ಎರಡು ಬ್ಯಾಟರಿಗಳ ತೂಕ ಕೇಳಿ. ಸಾಮಾನ್ಯ ಬ್ಯಾಟರಿಯಲ್ಲಿ ತೂಕದ ಬಹುಪಾಲು ಸೀಸದ್ದೇ. ತಯಾರಾದ ತಿಂಗಳನ್ನೂ ನೋಡಿ: ಬ್ಯಾಟರಿಯ ಮೇಲಿನ ಗುರುತಿನಲ್ಲಿ ಸಾಮಾನ್ಯವಾಗಿ ಅಕ್ಷರ ತಿಂಗಳನ್ನು, ಅಂಕಿ ವರ್ಷವನ್ನು ಸೂಚಿಸುತ್ತದೆ. ಎ ಎಂದರೆ ಜನವರಿ, ಬಿ ಎಂದರೆ ಫೆಬ್ರುವರಿ. ಕಪಾಟಿನಲ್ಲಿ ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ಕೂತ ಬ್ಯಾಟರಿ ಯಾವ ಹೆಸರಿನದಾದರೂ ಬೇಡ.

ಈ ವಿಷಯದಲ್ಲಿ ಭಾರತದ ಕಾನೂನು ಮೆಚ್ಚುವಂಥದ್ದು. ಪೊಟ್ಟಣದ ಸರಕುಗಳಿಗೆ ಸಂಬಂಧಿಸಿದ 2011ರ ಕಾನೂನು ಮಾಪನ ನಿಯಮಗಳು ತಯಾರಕರ ಹೆಸರು, ವಿಳಾಸ ನಮೂದಿಸಲು ಹೇಳುತ್ತವೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬೇರೆಯವರು ಮಾಡಿದ ಬ್ಯಾಟರಿಯನ್ನು ತಮ್ಮ ಹೆಸರಿನಲ್ಲಿ ಮಾರುವವರನ್ನೂ ಉತ್ಪಾದಕರೆಂದೇ ಪರಿಗಣಿಸಿ, ಹಳೆಯ ಬ್ಯಾಟರಿಗಳ ವಿಲೇವಾರಿಯ ಹೊಣೆ ಹೊರಿಸುತ್ತವೆ. ಹೆಸರು ನಿಮ್ಮದಾದರೆ ಹೊಣೆಯೂ ನಿಮ್ಮದೇ ಎಂಬ ಈ ನೀತಿ ಸರಿಯಾದದ್ದು. ನಮ್ಮೂರುಗಳಲ್ಲೂ ದೊಡ್ಡ ಮಳಿಗೆಗಳ ಸ್ವಂತ ಹೆಸರಿನ ಸರಕುಗಳು ಹೆಚ್ಚುತ್ತಿವೆ. ಕಾನೂನು ಕೊಟ್ಟ ಹಕ್ಕನ್ನು ಗಿರಾಕಿಗಳು ಬಳಸಬೇಕು: ಡಬ್ಬಿಯ ಸಣ್ಣ ಅಕ್ಷರಗಳನ್ನು ಓದಿ, ಹೆಸರು ಕಾಣದಿದ್ದರೆ ಕೇಳಿ, ಹೇಳದಿದ್ದರೆ ಮುಂದಿನ ಅಂಗಡಿಗೆ ಹೋಗಿ. ಅಮೆರಿಕದ ಅಂಗಡಿಗಳೂ ಲೇಬಲ್ಲಿನಲ್ಲಿ ಒಂದು ಸಾಲು ಸೇರಿಸಲಿ. ಅದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ, ಬೇಕಾದದ್ದು ಮನಸ್ಸು.