ಕೇಳಿಸದವಳಿಗೆ ತಿಳಿಸುವವರು ಯಾರು?

ಅಂಧ ಸಹಾಬಿ ಅಬ್ದುಲ್ಲಾ ಇಬ್ನು ಉಮ್ಮು ಮಕ್ತೂಮ್‌ರು(ರ) ಅರಿವನ್ನು ಅರಸಿ ಬಂದಾಗ ಪ್ರವಾದಿವರ್ಯರು(ಸ) ಕುರೈಶ್ ಪ್ರಮುಖರೊಡನೆ ಮಾತುಕತೆಯಲ್ಲಿ ಮಗ್ನರಾಗಿದ್ದರು. ಆ ಕ್ಷಣದ ಕಡೆಗಣನೆಯನ್ನು ಅಲ್ಲಾಹನು ಆಕ್ಷೇಪಿಸಿದ್ದು ಪವಿತ್ರ ಕುರ್‌ಆನ್‌ನ 80ನೆಯ ಅಧ್ಯಾಯದ ಆರಂಭದಲ್ಲಿಯೇ ಇದೆ. ಈ ಪಾಠವನ್ನು ಮದ್ರಸಾದಲ್ಲಿ ಓದಿದ ನಾವು ನಮ್ಮ ಮನೆಯ ಕಿವುಡ ಸಹೋದರಿಯರನ್ನು ಹೇಗೆ ಮರೆತೆವು?

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಸ್ತನ ಕ್ಯಾನ್ಸರ್. ನೋವಿಲ್ಲದ ಗಂಟು, ತೊಟ್ಟು ಒಳಸೇರುವುದು, ಚರ್ಮ ಕುಗ್ಗುವುದು ಇದರ ಲಕ್ಷಣಗಳು. ಬೇಗ ಪತ್ತೆಯಾದರೆ ಗುಣಪಡಿಸಬಹುದು. ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯು 1998ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. 50 ಮೀರಿದ ಮಹಿಳೆಯರಲ್ಲಿ ಈ ರೋಗದ ಸಾವು ಸುಮಾರು ಶೇ. 30ರಷ್ಟು ಇಳಿಯಿತೆಂದು 2021ರಲ್ಲಿ ವರದಿಯಾಯಿತು. ಹೀಗಿರುವಾಗ ದುಬಾರಿ ಯಂತ್ರವಿಲ್ಲವೆಂಬ ನೆಪ ಸಲ್ಲದು.

ಆದರೆ ಆ ಕಾರ್ಯಕರ್ತೆಯ ಮಾತು ಕಿವುಡ ಮಹಿಳೆಗೆ ತಲುಪುವುದಿಲ್ಲ. ಆಸ್ಪತ್ರೆಯಲ್ಲಿ ಸರದಿ ಕೂಗಿದರೆ ಆಕೆಗೆ ಕೇಳದು; ಮಾಸ್ಕ್ ಧರಿಸಿದ ವೈದ್ಯರ ತುಟಿಚಲನೆ ಕಾಣದು; ಮ್ಯಾಮೊಗ್ರಫಿ ಕೋಣೆಯಲ್ಲಿ ‘ಉಸಿರು ಹಿಡಿಯಿರಿ’ ಎಂಬ ಸೂಚನೆ ಬರುವುದು ತಡೆಗೋಡೆಯ ಆಚೆಯಿಂದ. ಕೊನೆಗೆ ಸಹೋದರನೋ ಮಗನೋ ದುಭಾಷಿಯಾಗಬೇಕು. ಹಯಾ ಉಳ್ಳ ಹೆಣ್ಣು ಅವರ ಮುಂದೆ ಎದೆಯ ಗಂಟಿನ ಬಗ್ಗೆ ಹೇಗೆ ಹೇಳಿಯಾಳು? ಆಕೆಯ ಮೌನವನ್ನು ನಾವು ಲಜ್ಜೆಯೆಂದು ಹೊಗಳುತ್ತೇವೆ. ರೋಗ ಮಾತ್ರ ಒಳಗೊಳಗೇ ಬೆಳೆಯುತ್ತದೆ.

2011ರ ಜನಗಣತಿಯಂತೆ ದೇಶದಲ್ಲಿ ಶ್ರವಣದೋಷವುಳ್ಳವರು ಸುಮಾರು 50 ಲಕ್ಷ. ಸರಕಾರಿ ಹಾಗೂ ಖಾಸಗಿ ಆಸ್ಪತ್ರೆಗಳೆರಡೂ ಅಂಗವಿಕಲರಿಗೆ ತಡೆರಹಿತವಾಗಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಸಂವಹನದ ತೊಡಕನ್ನೂ ಅದು ತಡೆಯೆಂದೇ ಪರಿಗಣಿಸುತ್ತದೆ. ಗಾಲಿಕುರ್ಚಿಗೆ ಇಳಿಜಾರು ಕಟ್ಟಿದ ಮಾತ್ರಕ್ಕೆ ಹೊಣೆ ಮುಗಿಯದು. ಸಂಜ್ಞಾಭಾಷೆ ಬಲ್ಲ ಮಹಿಳಾ ದುಭಾಷಿ, ಚಿತ್ರಸಹಿತ ಕೈಪಿಡಿ, ಸರದಿ ಸಂಖ್ಯೆ ತೋರಿಸುವ ಫಲಕ, ಕರೆಯ ಬದಲು ಸಂದೇಶದ ಮೂಲಕ ವರದಿ - ಇವು ಔದಾರ್ಯವಲ್ಲ, ಹಕ್ಕು.

ಸರಕಾರವನ್ನು ಕೇಳುವ ಮೊದಲು ನಮ್ಮನ್ನೇ ಕೇಳಿಕೊಳ್ಳೋಣ. ವೈದ್ಯಕೀಯ ಶಿಬಿರದ ಘೋಷಣೆಯನ್ನು ಮಸೀದಿಯ ಧ್ವನಿವರ್ಧಕದಲ್ಲಿ ಮಾಡಿ ಕೈತೊಳೆದುಕೊಳ್ಳುತ್ತೇವೆ. ಮೊಹಲ್ಲಾದಲ್ಲಿ ಎಷ್ಟು ಕಿವುಡ ಮಹಿಳೆಯರಿದ್ದಾರೆಂದು ಯಾವ ಜಮಾಅತ್ ಸಮಿತಿ ಲೆಕ್ಕವಿಟ್ಟಿದೆ? ನಮ್ಮ ಮಹಿಳಾ ಸಂಘಟನೆಗಳ ಇಬ್ಬರು ಯುವತಿಯರಾದರೂ ಸಂಜ್ಞಾಭಾಷೆ ಕಲಿತು ಅಂತಹ ಮನೆಗಳ ಬಾಗಿಲು ತಟ್ಟಲಿ. ಬಾಗಿಲು ತಟ್ಟಿದ ಸದ್ದು ಆಕೆಗೆ ಕೇಳಿಸದಿರಬಹುದು. ಒಳಹೋಗಿ ಎದುರು ಕುಳಿತರೆ, ಆಕೆ ಹೇಳಬೇಕಾದುದನ್ನು ಖಂಡಿತ ಹೇಳುತ್ತಾಳೆ.